ಸಂಜೆ ಕೂಗುವ ನಂಬರು

ಹಿಮದ ಬೆಟ್ಟದಲ್ಲಿ ಹಿಮಬಂಡಿಗಳು ಓಡಾಡಲೆಂದೇ ಒಂದು ದಾರಿಯಿತ್ತು. ಅದರ ಗೇಟು ಕಾಯುತ್ತಿದ್ದದ್ದು ಒಂದು ಮುದಿ ನರಿ. ಒಂದು ಬೆಳಿಗ್ಗೆ ಹೊಸ ಕೆಂಪು ಬಂಡಿಯೊಂದು ಇಂಜಿನ್ ಗುರುಗುಟ್ಟಿಸುತ್ತಾ ಬಂದು ನಿಂತಿತು.

"ನೋಂದಣಿ ನಂಬರೆಲ್ಲಿ? ದಾರಿಯ ಪರವಾನಗಿಯೆಲ್ಲಿ?" ಎಂದಿತು ನರಿ.

ಬಂಡಿಗೆ ಮೈಯೆಲ್ಲ ಉರಿಯಿತು. ಇಷ್ಟು ಚೆಂದದ ಮೂತಿಗೆ ನಂಬರಿನ ಚೀಟಿ ಅಂಟಿಸಿಕೊಳ್ಳಬೇಕೆ? "ನಾನು ಯಾರು ಗೊತ್ತಾ?" ಎಂದು ಗದರಿ, ಬೇಲಿಯ ಸಂದಿಯಿಂದ ನುಗ್ಗಿಹೋಯಿತು.

ಮಧ್ಯಾಹ್ನ ಹಿಮ ಸುರಿಯಿತು. ದಾರಿ ತಪ್ಪಿದ ಬಂಡಿ ಹಳ್ಳಕ್ಕೆ ಬಿದ್ದು ಹೂತುಹೋಯಿತು. ಅದರ ಕೆಂಪು ಬಣ್ಣ ಚೂರೂ ಕಾಣದಾಯಿತು.

ಸಂಜೆ ಗೇಟಿನ ಕಡೆಯಿಂದ ನರಿಯ ದನಿ ಕೇಳಿಸಿತು. ಅದು ಒಳಗೆ ಹೋದವರ ನಂಬರನ್ನು ಒಂದೊಂದಾಗಿ ಕೂಗುತ್ತಿತ್ತು. "ಬಂದೆ, ಬಂದೆ" ಎಂದು ಬಂಡಿಗಳು ಓಗೊಡುತ್ತಿದ್ದವು. ಯಾರಾದರೂ ಓಗೊಡದಿದ್ದರೆ ಉಳಿದವರೆಲ್ಲ ಹುಡುಕಲು ಹೊರಡುವುದು ಅಲ್ಲಿನ ರೂಢಿ. ಕೆಂಪು ಬಂಡಿ ಕಿವಿಗೊಟ್ಟು ಕಾಯಿತು. ಆದರೆ ಅದನ್ನು ಕೂಗಲು ನಂಬರೇ ಇರಲಿಲ್ಲ. ಗೇಟು ಮುಚ್ಚಿದ ಸದ್ದಾಯಿತು.

ಬಂಡಿ ಇಂಜಿನ್ನಿನಲ್ಲಿ ಉಳಿದ ಉಸಿರನ್ನೆಲ್ಲ ಒಟ್ಟುಮಾಡಿ ಅರಚಿತು. ಸದ್ದು ಹಿಡಿದು ಬಂದ ನರಿ ಹಿಮ ಕೆದಕುತ್ತಾ, "ಯಾರಪ್ಪಾ ಇದು?" ಎಂದಿತು. ಉಳಿದ ಬಂಡಿಗಳು ಬಂದು ಅದನ್ನು ಎಳೆದು ತಂದವು.

ಮರುದಿನ ಗೇಟು ತೆರೆಯುವ ಮೊದಲೇ ಕೆಂಪು ಬಂಡಿ ಅಲ್ಲಿ ನಿಂತಿತ್ತು. "ನಂಬರು, ಪರವಾನಗಿ ಎರಡೂ ಕೊಡಜ್ಜ."

"ಎಲ್ಲಿ ಅಂಟಿಸಲಿ?"

"ಮೂತಿಗೇ ಅಂಟಿಸು. ಆದರೆ ಸಂಜೆ ಮರೆಯದೆ ನನ್ನನ್ನೂ ಕೂಗು."