ಸಡಿಲ ಬಿಟ್ಟ ಎಳೆ

ನದಿಯ ಈಚೆ ಆಶ್ರಮ ಮತ್ತು ಊರು. ಆಚೆ ಶಾಲೆ. ನಡುವೆ ಒಂದು ತೂಗುಸೇತುವೆ.

ಆಶ್ರಮದ ಗುರು ಮರುಳಯ್ಯನವರು ಹಿಂದೆ ಕಾಲೇಜಿನಲ್ಲಿ ಬೆಳಕಿನ ಪಾಠ ಹೇಳುತ್ತಿದ್ದವರು. ಕಾವಿ ಉಟ್ಟ ಮೇಲೂ ಅದನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಪ್ರವಚನ, ಮಧ್ಯಾಹ್ನ ಭೌತಶಾಸ್ತ್ರ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಶಿಷ್ಯರಿಗೆ ಎಷ್ಟೋ ಸಲ ತಿಳಿಯುತ್ತಿರಲಿಲ್ಲ.

ಸೇತುವೆಯನ್ನು ಎರಡು ಉಕ್ಕಿನ ಹಗ್ಗಗಳು ಹೊತ್ತಿದ್ದವು. ಎಡಗಡೆಯ ಹಗ್ಗದ ಬುಡಕ್ಕೆ ಗುರುಗಳು ಕೂದಲಿನಷ್ಟು ತೆಳುವಾದ ಗಾಜಿನ ಎಳೆಯೊಂದನ್ನು ಅಂಟಿಸಿದ್ದರು. ಹಗ್ಗ ಹಿಗ್ಗಿದರೆ ಎಳೆಯೂ ಹಿಗ್ಗುತ್ತದೆ. ಎಳೆಯೊಳಗೆ ಹೋದ ಬೆಳಕು ತನ್ನ ಬಣ್ಣವನ್ನು ಒಂದಿಷ್ಟೇ ಬದಲಿಸಿಕೊಂಡು ಮರಳುತ್ತದೆ. ಆ ಒಂದಿಷ್ಟು ಸೇತುವೆಯ ಬಾಯಲ್ಲಿಟ್ಟ ಲ್ಯಾಪ್‌ಟಾಪಿನ ಪರದೆಯ ಮೇಲೆ ಗೆರೆಯಾಗಿ ಏರುತ್ತದೆ, ಇಳಿಯುತ್ತದೆ.

ಗೆರೆ ನೋಡಿಕೊಳ್ಳುವ ಕೆಲಸ ಶಿಷ್ಯ ಶಂಭುಲಿಂಗನದು. ಆ ಕೆಲಸ ಬಂದಾಗಿನಿಂದ ಅವನಿಗೆ ನಿದ್ದೆ ಕಡಿಮೆ.

ಅವತ್ತು ಬೆಳಿಗ್ಗೆ ಊರಿನ ಮಕ್ಕಳು ಸೇತುವೆ ದಾಟಿ ಶಾಲೆಗೆ ಹೋದರು. ಅವರು ಹೋದ ಮೇಲೆ ಗೆರೆ ಏರತೊಡಗಿತು.

ಶಂಭುಲಿಂಗ ಸೇತುವೆಯ ಬಾಯಿಗೆ ಬಿದಿರು ಅಡ್ಡ ಕಟ್ಟಿ ಗುರುಗಳ ಬಳಿ ಓಡಿದ.

“ಗುರುಗಳೇ, ಗೆರೆ ಏರ್ತಾ ಇದೆ. ಸೇತುವೆಗೆ ಏನೋ ಆಗಿದೆ.”

“ಬಿಸಿಲೂ ಏರ್ತಾ ಇದೆಯಲ್ಲಪ್ಪ.”

“ಅದೇ ಕಷ್ಟ. ಬಿಸಿಗೂ ಎಳೆ ಹಿಗ್ಗುತ್ತೆ, ಭಾರಕ್ಕೂ ಹಿಗ್ಗುತ್ತೆ. ಯಾವುದು ಎಷ್ಟು ಅಂತ ಬಿಡಿಸೋಕೆ ಆಗ್ತಿಲ್ಲ.”

“ಪಕ್ಕದಲ್ಲೇ ಇನ್ನೊಂದು ಎಳೆ ಇಡು. ಅದೇ ಬಿಸಿಲು ಅದಕ್ಕೂ ಬೀಳಲಿ. ಮೊದಲನೆಯದರಿಂದ ಎರಡನೆಯದನ್ನು ಕಳೆ. ಉಳಿದದ್ದು ಸೇತುವೆಯ ಮಾತು.”

ಶಂಭುಲಿಂಗ ಹೊರಟ. ಗುರುಗಳು ಹಿಂದಿನಿಂದ ಕೂಗಿದರು. “ಎರಡನೆಯದು ಅಂಟಿಯೂ ಅಂಟದಂತೆ ಇರಬೇಕು, ಆಯ್ತಾ?”

“ಆಗಲಿ ಗುರುಗಳೇ,” ಎಂದು ಅವನು ಕೈಮುಗಿದ. ದಿನಾ ಪ್ರವಚನದಲ್ಲಿ ಕೇಳುವ ಮಾತು. ಕೇಳಿದೊಡನೆ ಕೈಗಳು ತಾವಾಗಿ ಜೋಡಿಕೊಳ್ಳುತ್ತಿದ್ದವು.

ಶಾಲೆ ಬಿಟ್ಟಿತು. ಮಕ್ಕಳು ಆಚೆ ದಡಕ್ಕೆ ಬಂದು, ಅಡ್ಡ ಕಟ್ಟಿದ ಬಿದಿರು ಕಂಡು ನಿಂತರು. ಈಚೆ ದಡದಲ್ಲಿ ತಾಯಂದಿರು ನಿಂತರು. ಎಲ್ಲೋ ಮೇಲೆ ಮಳೆಯಾಗಿ ನದಿ ಕೆಂಪಗೆ ತುಂಬಿ ಹರಿಯುತ್ತಿತ್ತು. ದೋಣಿ ಇಳಿಸುವ ಹಾಗಿರಲಿಲ್ಲ.

“ಸ್ವಾಮಿ, ಇನ್ನಾ ಎಷ್ಟೊತ್ತು?” ಎಂದು ಸಣ್ಣತಾಯಮ್ಮ ಕೇಳಿದಳು. ಆಚೆ ನಿಂತವರಲ್ಲಿ ಅವಳ ಮಗಳೂ ಇದ್ದಳು. “ಕೂಸು ಬೆಳಿಗ್ಗೆ ಉಂಡಿದ್ದು.”

“ಈಗಲೇ ಹೇಳ್ತೀನಮ್ಮ,” ಎಂದು ಶಂಭುಲಿಂಗ ಆಶ್ರಮಕ್ಕೆ ಓಡಿದ. ಈ ಸಲ ಅವನ ಮುಖದಲ್ಲಿ ಗೆಲುವಿತ್ತು.

“ಗುರುಗಳೇ, ಎರಡನೇ ಎಳೆ ಕೆಲಸ ಮಾಡ್ತು! ಕಳೆದು ನೋಡಿದರೆ ಗೆರೆ ಅಲ್ಲಾಡೋದೇ ಇಲ್ಲ. ಸ್ಕೇಲ್ ಇಟ್ಟು ಎಳೆದ ಹಾಗಿದೆ. ಏರಿದ್ದೆಲ್ಲ ಬರೀ ಬಿಸಿಲು. ಬಿದಿರು ತೆಗೆಯಲಾ?”

“ಅಲ್ಲಾಡೋದೇ ಇಲ್ವಾ?”

“ಒಂದಿಷ್ಟೂ ಇಲ್ಲ.”

ಗುರುಗಳು ಎದ್ದು ಸೇತುವೆಯ ಕಡೆ ನಡೆದರು. ಬಿದಿರಿನ ಕೆಳಗೆ ಬಗ್ಗಿ ನುಸುಳಿದರು. ಶಂಭುಲಿಂಗ ಬೇಡ ಬೇಡ ಎನ್ನುತ್ತಿರುವಾಗಲೇ ಹಲಗೆಗಳ ಮೇಲೆ ಒಂದೊಂದೇ ಹೆಜ್ಜೆ ಇಡುತ್ತ ಹೋಗಿ, ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

“ಗೆರೆ ನೋಡು!” ಎಂದು ಅಲ್ಲಿಂದ ಕೂಗಿದರು. “ನಾನು ಬಂದದ್ದು ಅದಕ್ಕೆ ಗೊತ್ತಾಯ್ತಾ?”

ಶಂಭುಲಿಂಗ ನೋಡಿದ. ಮರುಳಯ್ಯನವರದು ಒಳ್ಳೆ ಭಾರದ ಮೈ. ಅವರು ಕೂತ ಕಡೆ ಸೇತುವೆ ಕಣ್ಣಿಗೇ ಕಾಣುವಂತೆ ತಗ್ಗಿತ್ತು. ಗೆರೆ ಮಾತ್ರ ನೇರವಾಗಿತ್ತು.

ಅವನು ಪರದೆಯನ್ನು ಬೆರಳಿನಿಂದ ಒರೆಸಿ ಮತ್ತೆ ನೋಡಿದ.

“ಗೊತ್ತಾಗಲಿಲ್ಲ ಗುರುಗಳೇ!”

“ಎರಡನೇ ಎಳೆ ಹೇಗಿಟ್ಟೆ?”

“ಅಂಟಿಸಿದೆ. ಮೊದಲನೆಯದಕ್ಕಿಂತ ಗಟ್ಟಿಯಾಗಿ. ಗಾಳಿಗೆ ಅಲ್ಲಾಡಬಾರದು ಅಂತ.”

“ನಾನು ಏನು ಹೇಳಿದ್ದೆ?”

“ಅಂಟಿಯೂ ಅಂಟದಂತೆ…” ಶಂಭುಲಿಂಗ ಅಂಟಿಸಿದ ಎಳೆಯ ಕಡೆ ನೋಡಿದ. “ಅದು ಪ್ರವಚನ ಅಂದ್ಕೊಂಡೆ.”

“ಅಂಟಿನ ವಿಷಯ ಹೇಳಿದ್ದು ಕಣಪ್ಪಾ!”

ನಗುವ ಹೊತ್ತಾಗಿರಲಿಲ್ಲ. ಹಗ್ಗ ಎಳೆದಾಗ ಎರಡು ಎಳೆಗಳೂ ಒಂದೇ ಸಮ ಹಿಗ್ಗಿದ್ದವು. ಒಂದರಿಂದ ಒಂದನ್ನು ಕಳೆದಾಗ ಬಿಸಿಲೂ ಹೋಗಿತ್ತು, ಭಾರವೂ ಹೋಗಿತ್ತು. ಸೇತುವೆ ಬಿದ್ದರೂ ಆ ಗೆರೆ ನೇರವಾಗಿಯೇ ಇರುತ್ತಿತ್ತೇನೋ. ಅದನ್ನು ನಂಬಿ ಅವನು ಮಕ್ಕಳನ್ನು ಕರೆಯಲು ಹೊರಟಿದ್ದ.

“ಬಂದ್ಬಿಡಿ ಗುರುಗಳೇ!”

“ನೀನು ಸರಿಮಾಡು. ಕಳೆದ ಮೇಲೆ ಭಾರ ಉಳಿಯುತ್ತೋ ಇಲ್ಲವೋ ನೋಡೋಕೆ ಭಾರ ಬೇಕಲ್ಲ. ನಾನಿದ್ದೀನಿ.”

ಶಂಭುಲಿಂಗ ಬ್ಲೇಡು ತೆಗೆದುಕೊಂಡು ಹಗ್ಗದ ಬುಡದಲ್ಲಿ ಕೂತ. ಅಂಟನ್ನು ಕೆರೆದ. ಬ್ಲೇಡು ಜಾರಿತು, ಗಾಜಿನ ಎಳೆ ಪಟ್ಟನೆ ಮುರಿಯಿತು. ಪೆಟ್ಟಿಗೆಯಲ್ಲಿ ಉಳಿದಿದ್ದದ್ದು ಇನ್ನೊಂದೇ ಎಳೆ. ತಾಯಂದಿರು ಸುತ್ತ ಬಂದು ನಿಂತರು. ಅವರ ನೆರಳು ಅವನ ಕೈಮೇಲೆ ಬಿತ್ತು. ಸರಿಯಿರಿ ಎನ್ನಲೂ ಅವನಿಗೆ ಧೈರ್ಯವಾಗಲಿಲ್ಲ.

ಹೊಸ ಎಳೆಯನ್ನು ಒಂದು ಸಣ್ಣ ಕೊಳವೆಯೊಳಗೆ ತೂರಿಸಿದ. ಕೊಳವೆಯನ್ನು ಹಗ್ಗಕ್ಕೆ ಕಟ್ಟಿದ. ಎಳೆಯ ಒಂದು ತುದಿಗೆ ಮಾತ್ರ ಚೂರು ಅಂಟು ಹಚ್ಚಿ ಉಳಿದದ್ದನ್ನು ಸಡಿಲ ಬಿಟ್ಟ. ಈಗ ಬಿಸಿಲು ಅದಕ್ಕೆ ತಾಗುತ್ತಿತ್ತು, ಭಾರ ತಾಗುತ್ತಿರಲಿಲ್ಲ.

“ಅಲ್ಲಾಡಿ ಗುರುಗಳೇ!”

ಗುರುಗಳು ಪಕ್ಕಕ್ಕೆ ಸರಿದು ಕೂತರು. ಗೆರೆ ಮಿಸುಕಿತು. ಅವನಿಗೆ ಅಳು ಬರುವಷ್ಟು ಸಂತೋಷವಾಯಿತು.

“ಕಾಣಿಸಿದಿರಿ!”

ಗುರುಗಳು ಮತ್ತೆ ಅಲ್ಲಾಡದೆ ಕೂತರು. ಗೆರೆ ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನಿಧಾನವಾಗಿ, ಬಿಡದೆ, ಏರುತ್ತಲೇ ಹೋಯಿತು.

“ಗುರುಗಳೇ, ಏಳಿ! ಬನ್ನಿ!”

“ಯಾಕೆ?”

“ಏನೋ ಆಗ್ತಿದೆ! ಬೇಗ ಬನ್ನಿ!”

“ಹೇಳ್ತಿರೋದು ಎಳೆಯೋ, ನಿನ್ನ ಭಯವೋ?”

ಶಂಭುಲಿಂಗ ಪರದೆಯಿಂದ ಕಣ್ಣು ತೆಗೆದ. ಎದೆ ಡವಗುಟ್ಟುತ್ತಿತ್ತು. ಬೆಳಿಗ್ಗೆಯೂ ಹೀಗೇ ಡವಗುಟ್ಟಿತ್ತು, ನೇರ ಗೆರೆ ಕಂಡಾಗಲೂ ಪೂರ್ತಿ ನಿಂತಿರಲಿಲ್ಲ. ಅದನ್ನು ಅದರ ಪಾಡಿಗೆ ಬಿಟ್ಟು ಮತ್ತೆ ಗೆರೆ ನೋಡಿದ. ಮೋಡ ಬಂದು ಬಿಸಿಲು ಇಳಿದಿತ್ತು. ಕೊಳವೆಯೊಳಗಿನ ಎಳೆ ಅದಕ್ಕೆ ತಕ್ಕಂತೆ ಕುಗ್ಗುತ್ತಿತ್ತು. ಹಗ್ಗದ ಮೇಲಿನ ಎಳೆ ಮಾತ್ರ ಇನ್ನೂ ಹಿಗ್ಗುತ್ತಿತ್ತು.

“ಭಯ ನನ್ನದೇ ಗುರುಗಳೇ. ಗೆರೆ ಸೇತುವೆಯದು. ಬಲಗಡೆಯ ಹಗ್ಗ ಎಲ್ಲೋ ಜಾರ್ತಿದೆ, ಅದರ ಭಾರ ಈ ಹಗ್ಗಕ್ಕೆ ಬರ್ತಿದೆ. ಮೆಲ್ಲಗೆ ಎದ್ದು ಬನ್ನಿ.”

ಆಗ ಗುರುಗಳು ಎದ್ದರು. ಮೆಲ್ಲಗೆ ಬಂದರು. ಅವರ ಕಾಲು ದಡ ಮುಟ್ಟಿದಾಗ ಗೆರೆ ಕೆಳಗಿಳಿಯಿತು. ಇಳಿದು, ಒಂದು ಕ್ಷಣ ನಿಂತು, ಮತ್ತೆ ಏರಿತು.

ಸೇತುವೆಯ ಮೇಲೆ ಯಾರೂ ಇರಲಿಲ್ಲ.

ಶಂಭುಲಿಂಗ ತಗ್ಗಿದ ದನಿಯಲ್ಲಿ ಬೇಡಿಕೊಂಡ. “ಇವರಿಗೆ ನೀವೇ ಹೇಳಿಬಿಡಿ. ಇವತ್ತೇ ನಾನು ಒಂದು ಸಲ ತಪ್ಪಿದ್ದೀನಿ. ನನ್ನ ಮಾತು ಯಾರು ಕೇಳ್ತಾರೆ?”

“ಗೆರೆ ನೋಡಿದವನು ಯಾರು?”

“ನಾನು.”

“ಮತ್ತೆ?”

ಶಂಭುಲಿಂಗ ತಾಯಂದಿರ ಕಡೆ ತಿರುಗಿದ.

“ಮಕ್ಕಳು ಇವತ್ತು ಈ ಕಡೆ ಬರೋದು ಬೇಡಮ್ಮ. ಶಾಲೆಯಲ್ಲೇ ಮಲಗಲಿ, ಮೇಷ್ಟ್ರು ಇದ್ದಾರೆ. ಸೇತುವೆ ತಡೆಯೋದಿಲ್ಲ.”

ಗದ್ದಲವೆದ್ದಿತು. ಸಣ್ಣತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು.

“ಏನ್ ತಮಾಸೆ ಮಾಡ್ತಿದ್ದೀರಾ? ಬುದ್ಧಿ ಈಗ ತಾನೆ ಹೋಗಿ, ಕೂತು, ಬಂದ್ರಲ್ಲ! ಕಣ್ಣಾರೆ ಕಂಡೆ. ಅವರಿಗೇ ಏನೂ ಆಗ್ಲಿಲ್ಲ. ನನ್ ಕೂಸು ಅವರ ಕಾಲು ಭಾಗಾನೂ ತೂಗಲ್ಲ.”

ಅವಳು ಬಿದಿರಿಗೆ ಕೈ ಹಾಕಿದಳು. ಆಚೆ ದಡದಲ್ಲಿ ಅದನ್ನು ಕಂಡ ಮಕ್ಕಳು ಹೋ ಎಂದು ಸೇತುವೆಯ ಹತ್ತಿರ ಸರಿದರು.

ಶಂಭುಲಿಂಗ ಬಿದಿರನ್ನು ಎರಡೂ ಕೈಯಲ್ಲಿ ಅವುಚಿಕೊಂಡ. “ಅಮ್ಮಾ, ನನ್ನ ಬಯ್ಯಿ, ಹೊಡಿ. ಬಿಡೋದಿಲ್ಲ.” ಅವನ ಕಣ್ಣಲ್ಲಿ ನೀರಿತ್ತು, ಕೈ ಮಾತ್ರ ಸಡಿಲಾಗಲಿಲ್ಲ.

ಸಣ್ಣತಾಯಮ್ಮ ಅವನನ್ನು ಬಿಟ್ಟು ಗುರುಗಳ ಕಡೆ ತಿರುಗಿದಳು.

“ನೀವೇ ಹೇಳಿ ಬುದ್ಧಿ. ನೀವು ಹೋಗಿ ಬರ್ಲಿಲ್ವಾ?”

ಮರುಳಯ್ಯನವರು ಬಂದು ಶಿಷ್ಯನ ಪಕ್ಕದಲ್ಲಿ ನಿಂತು ತಾವೂ ಬಿದಿರು ಹಿಡಿದುಕೊಂಡರು.

“ಹೋಗಿ ಬಂದೆ ತಾಯಿ. ನಾನು ಹೋಗಿ ಬಂದ ಭಾರಕ್ಕೇ ಬಲಗಡೆಯ ಹಗ್ಗ ಇನ್ನಷ್ಟು ಜಾರಿರೋದು.”