ಸದ್ದಿಲ್ಲದ ಟೇಪು

ಮಲಪ್ರಭೆಯ ದಂಡೆಯ ಒಂದು ಆಶ್ರಮದಲ್ಲಿ ಗುರುಪಾದಜ್ಜ ಎಂಬ ಗುರುಗಳಿದ್ದರು. ಅವರ ಕಿವಿ ಹೋಗುತ್ತಾ ಬಂದಿತ್ತು. ಬರುವ ಮಳೆಗಾಲದ ಹೊತ್ತಿಗೆ ಪೂರಾ ಹೋಗುತ್ತದೆ ಎಂದು ಹೇಳಿ ವೈದ್ಯರು ಕೈತೊಳೆದುಕೊಂಡಿದ್ದರು.

ಅಜ್ಜರಿಗೆ ಅದರ ಚಿಂತೆ ಇದ್ದಂತಿರಲಿಲ್ಲ. ಚಿಂತೆಯೆಲ್ಲ ಶಿಷ್ಯ ಮುರಿಗೆಪ್ಪನದು.

ಆಶ್ರಮದಲ್ಲಿ ಒಂದು ಹಳೆಯ ಟೇಪ್‌ರೆಕಾರ್ಡರ್ ಇತ್ತು. ಅಜ್ಜರ ಗುರುಗಳಾದ ದೊಡ್ಡಜ್ಜರು ಕಣ್ಣು ಮುಚ್ಚುವ ಮೊದಲು ಹಾಡಿದ ತತ್ವಪದಗಳ ಕ್ಯಾಸೆಟ್ ಅದರೊಳಗಿತ್ತು. ದೀಪ ಹಚ್ಚುವ ಹೊತ್ತಿಗೆ ದೊಡ್ಡಜ್ಜರ ಗದ್ದುಗೆಯ ಮುಂದೆ ಅದನ್ನು ಹಚ್ಚುವುದು ರೂಢಿ. ಊರವರು ಬಂದು ಕೂಡುತ್ತಿದ್ದರು. ಟೇಪು ಮುಗಿದು ಗುಂಡಿ ಟಕ್ಕೆಂದು ಮೇಲೇಳುವವರೆಗೆ ಯಾರೂ ಎದ್ದು ಹೋಗುವಂತಿರಲಿಲ್ಲ.

ಒಂದು ಸಂಜೆ ಅಜ್ಜರು ಸ್ಪೀಕರಿಗೆ ಕಿವಿ ಹಚ್ಚಿ ಕೂತರು. ಬಹಳ ಹೊತ್ತಾದ ಮೇಲೆ ಕೇಳಿದರು.

"ಮುರಿಗೆಪ್ಪಾ, ಹಚ್ಚೀಯೇನು?"

ಟೇಪು ಅರ್ಧ ಮುಗಿದಿತ್ತು. ಮಳೆಗಾಲಕ್ಕೆ ಮೊದಲು ಅಜ್ಜರಿಗೆ ಅವರ ಗುರುವಿನ ದನಿ ಕೇಳಿಸಲೇಬೇಕು ಎಂದು ಮುರಿಗೆಪ್ಪ ಪಣ ತೊಟ್ಟ.

ಭಕ್ತರೊಬ್ಬರು ಅಜ್ಜರಿಗೆಂದು ಕೊಟ್ಟ ಬ್ಲೂಟೂತ್ ಹೆಡ್‌ಫೋನ್ ಮೂಲೆಯಲ್ಲಿ ಬಿದ್ದಿತ್ತು. ಆದರೆ ಅಷ್ಟು ಹಳೆಯ ಟೇಪಿಗೆ ಬ್ಲೂಟೂತ್ ಎಲ್ಲಿಂದ ಬರಬೇಕು? ಮುರಿಗೆಪ್ಪ ಪೇಟೆಗೆ ಹೋಗಿ ಒಂದು ಪುಟ್ಟ ಡಬ್ಬಿ ತಂದ. ಅದು ಜಪ್ಪಯ್ಯ ಅಂದರೂ ಮಾತಾಡಲಿಲ್ಲ. ತಿರುಗಿ ಒಯ್ದ.

ಅಂಗಡಿಯವನು ನಕ್ಕ. "ಇದು ದನಿ ಹಿಡಿಯೂದ್ರಿ. ನಿಮಗ ಬೇಕಾದ್ದು ದನಿ ಕಳಸೂದು. ಟ್ರಾನ್ಸ್‌ಮಿಟರ್ ಅಂತಾರ."

ಬೇರೆಯದನ್ನು ಕೊಟ್ಟು, ಒಂದು ಮಾತು ಸೇರಿಸಿದ. "ನಿಮ್ಮ ಹಳೇ ಸೆಟ್ಟಿಗೆ ಇರೂದು ಹೆಡ್‌ಫೋನಿನ ತೂತು ಒಂದ. ಅದರಾಗ ಇದರ ಪಿನ್ನು ಹಾಕಿದ್ರ ಸ್ಪೀಕರ್ ಬಂದ್ ಆಗ್ತದ, ಗೊತ್ತಿರ್ಲಿ."

"ಆಗ್ಲಿ ಬಿಡ್ರಿ," ಎಂದ ಮುರಿಗೆಪ್ಪ. "ಕೇಳಬೇಕಾದವರಿಗೆ ಕೇಳಿದ್ರ ಸಾಕು."

ಪ್ರೀತಿಗೆ ಕಣ್ಣಿಲ್ಲ ಅನ್ನುತ್ತಾರೆ. ಮುರಿಗೆಪ್ಪನ ಪ್ರೀತಿಗೆ ಕಿವಿಯೂ ಇರಲಿಲ್ಲ.

ಆ ಸಂಜೆ ಅವನು ಪಿನ್ನು ಚುಚ್ಚಿದ. ಡಬ್ಬಿಯ ನೀಲಿ ದೀಪ ಮಿಣಮಿಣ ಎಂದು, ಆಮೇಲೆ ನಿಂತು ಉರಿಯಿತು. ಹೆಡ್‌ಫೋನನ್ನು ಅಜ್ಜರ ತಲೆಗೆ ಹಾಕಿ ಗುಂಡಿ ಒತ್ತಿದ.

ಅಜ್ಜರು ಕಣ್ಣು ಮುಚ್ಚಿದರು. ಮೆಲ್ಲಗೆ ಅವರ ಕೈ ತೊಡೆಯ ಮೇಲೆ ತಾಳ ಹಾಕತೊಡಗಿತು.

"ಕೆಮ್ಮಿದರು," ಎಂದರು ಜೋರಾಗಿ. "ನಡುವ ದೊಡ್ಡಜ್ಜಾರು ಕೆಮ್ಮಿದರು."

ಮುರಿಗೆಪ್ಪ ಅತ್ತುಬಿಟ್ಟ.

ಕಂಬದ ಬುಡದಲ್ಲಿ ಕೂತಿದ್ದ ಮುದುಕಿ ಬಾಳವ್ವ ಮೆಲ್ಲಗೆ ಕೇಳಿದಳು. "ಯಾಕಪ್ಪಾ, ಇವತ್ತು ಹಚ್ಚೂದಿಲ್ಲೇನು?"

ಮುರಿಗೆಪ್ಪ ತುಟಿಯ ಮೇಲೆ ಬೆರಳಿಟ್ಟ. "ಸುಮ್ಮಕಿರವ್ವಾ. ಅಜ್ಜಾರು ಕೇಳಾಕತ್ತಾರ."

ಎಲ್ಲರೂ ಸುಮ್ಮನೆ ಕೂತರು. ಗುಂಡಿ ಟಕ್ಕೆಂದಿತು. ಭಸ್ಮ ಹಚ್ಚಿಕೊಂಡು ಹೊರಟುಹೋದರು.

ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ. ಗುರುಗಳು ಕೇಳುತ್ತಿರುವಾಗ ನಮಗೆ ಕೇಳಿಸುತ್ತಿಲ್ಲ ಎಂದು ಯಾವ ಬಾಯಿಂದ ಹೇಳುವುದು? ಮೆಟ್ಟಿಲಿಳಿಯುತ್ತ ಯಾರೋ, "ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ," ಎಂದರು. ಅದು ತನಗೇ ಅಂದದ್ದು ಎಂದು ಮುರಿಗೆಪ್ಪನಿಗೆ ಹೊಳೆಯಲಿಲ್ಲ.

ಜನ ತೆಳುವಾಗುತ್ತಾ ಬಂದರು. ಒಂದು ಸಂಜೆ ಅಜ್ಜರು ನಡುವೆ ಕಣ್ಣು ತೆರೆದರು. ಕಂಬದ ಬುಡ ಬರಿದಾಗಿತ್ತು. ಅವರು ಹೆಡ್‌ಫೋನ್ ತೆಗೆದರು.

"ಬಾಳವ್ವ ಎಲ್ಲಿ?"

ಮುರಿಗೆಪ್ಪ ಅವರ ಕಿವಿಗೆ ಬಾಯಿಟ್ಟು ಹೇಳಿದ. "ಯಾಕೋ ಬಂದಿಲ್ಲರಿ."

"ಹೋಗಿ ಕೇಳ್ಕೊಂಡ್ ಬಾ."

ಬಾಳವ್ವ ದೀಪವನ್ನೂ ಹಚ್ಚದೆ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಆರಾಮಿಲ್ಲೇನವ್ವಾ?"

"ನನಗೇನಾಗೈತಿ." ಅವನ ಕಡೆ ಹೊರಳಿ ಕೇಳಿದಳು. "ದೊಡ್ಡಜ್ಜಾರ ಹಿಂದ ಸೊಲ್ಲು ಹಿಡಿಯಾಕಿ ಯಾರು, ಗೊತ್ತೇನು ನಿನಗ?"

ಪ್ರತಿ ನುಡಿಯ ಕೊನೆಗೆ ದೊಡ್ಡಜ್ಜರ ದನಿಯ ಜೊತೆ ಒಂದು ತೆಳ್ಳನೆಯ ಹೆಣ್ಣುದನಿ ಕೂಡುತ್ತಿತ್ತು. ಮುರಿಗೆಪ್ಪ ಅದನ್ನು ವರ್ಷಗಟ್ಟಲೆ ಕೇಳಿದ್ದ. ಯಾರದು ಎಂದು ಒಮ್ಮೆಯೂ ವಿಚಾರಿಸಿರಲಿಲ್ಲ.

"ನನ್ನ ಮಗಳದು," ಎಂದಳು ಬಾಳವ್ವ. "ಹೊಳಿ ಪಾಲಾಗಿ ಭಾಳ ವರ್ಷಾತು. ಆಕಿದೊಂದು ಫೋಟೋ ಸೈತ ಇಲ್ಲ ನನ್ನ ಹತ್ರ. ದಿನಾ ಸಂಜಿಗೆ ಆಕಿ ದನಿ ಕೇಳಿ ಬಂದು ಉಣ್ತಿದ್ದೆ. ಈಗ ಅದೂ ಹೋತು."

ಮುರಿಗೆಪ್ಪ ಅವಳ ಹತ್ತಿರ ಕೂತ. "ನನಗ ಒಂದು ಮಾತು ಹೇಳಬಾರದಾಗಿತ್ತೇನವ್ವಾ?"

"ಅಜ್ಜಾರು ಕೇಳಾಕತ್ತಾರ ಅಂದೆಲ್ಲಪ್ಪಾ ನೀನು."

ಅವನು ಬಂದು ಎಲ್ಲವನ್ನೂ ಅಜ್ಜರ ಕಿವಿಯಲ್ಲಿ ಹೇಳಿದ. ಅಜ್ಜರ ಮುಖ ಬಾಡಿತು.

"ನನಗ ಆ ಹುಡುಗಿ ದನೀನೂ ಕೇಳಸ್ತಿತ್ತು," ಎಂದರು. "ನಾನು ಖುಷಿಪಟ್ಟುಕೋತ ಕೂತಿದ್ದೆ."

ಮರುದಿನ ಅವರೇ ಬಾಳವ್ವನ ಮನೆಗೆ ಹೋಗಿ, ಕೈ ಹಿಡಿದು ಕರೆತಂದು ಕೂರಿಸಿದರು. ಪಿನ್ನು ಕಿತ್ತರು. ಗುಂಡಿ ಒತ್ತಿದರು.

ದೊಡ್ಡಜ್ಜರ ದನಿ ಗದ್ದುಗೆಯ ಮುಂದೆಲ್ಲ ಹರಡಿತು. ಅದರ ಹಿಂದೆ ತೆಳ್ಳನೆಯ ದನಿ ಎದ್ದಿತು. ಬಾಳವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅಜ್ಜರ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಟೇಪು ಮುಗಿದು ಎಲ್ಲರೂ ಎದ್ದರು. ಮುಗಿದದ್ದು ಕಣ್ಣು ಮುಚ್ಚಿ ಕೂತಿದ್ದ ಅಜ್ಜರೊಬ್ಬರಿಗೆ ಗೊತ್ತಾಗಲಿಲ್ಲ.

ಮುರಿಗೆಪ್ಪನಿಗೆ ಅದನ್ನು ನೋಡಲಾಗಲಿಲ್ಲ. ಬಗ್ಗಿ ಅವರ ಕಿವಿಗೆ ಹೇಳಿದ. "ಅಜ್ಜಾರ, ಮಧ್ಯಾಹ್ನ ಇಲ್ಲಿ ಯಾರೂ ಇರೂದಿಲ್ಲ. ಆವಾಗ ನಿಮಗಷ್ಟ ಹಚ್ಚಿ ಕೊಡ್ತೀನ್ರಿ. ಮಳಿಗಾಲ ಬಂದ್ರ ಅದೂ ಆಗೂದಿಲ್ಲ."

ಅಜ್ಜರು ಆ ಪುಟ್ಟ ಡಬ್ಬಿಯನ್ನು ಅವನ ಅಂಗೈಯಲ್ಲಿಟ್ಟು, ಬೆರಳು ಮಡಚಿದರು.

"ನಾ ಸಣ್ಣಾಂವಿದ್ದಾಗ ಊರವರು ನನ್ನ ಈ ಆಶ್ರಮದೊಳಗ ಬಿಡ್ತಿದ್ದಿಲ್ಲ. ಗ್ವಾಡಿ ಹೊರಗ ಎಮ್ಮಿ ಹಿಡಕೊಂಡು ನಿಂತು ಕೇಳ್ತಿದ್ದೆ. ಒಳಗಿದ್ದವರಿಗೆ ನಾ ಕಾಣ್ತಿದ್ದಿಲ್ಲ. ದೊಡ್ಡಜ್ಜಾರು ಒಬ್ಬರ ಕಿವ್ಯಾಗ ಹಾಡಿದ್ರ, ನಾ ಇವತ್ತು ಎಲ್ಲಿರ್ತಿದ್ದೆ, ತಮ್ಮಾ?"