ಪೆಟ್ಟು ನುಂಗಿದ ವಿಮಾನ

ವಿಮಾನ ರಿಪೇರಿ ಮಾಡುವ ದೊಡ್ಡ ಶೆಡ್ಡೊಂದರಲ್ಲಿ ಹಾಲೇಶ ಅಂತ ಒಬ್ಬ ಕೆಲಸಗಾರ ಇದ್ದ. ನಮ್ಮ ಕಡೆಯವನೇ, ಹೊನ್ನಾಳಿ ಹತ್ತಿರದ ಹಳ್ಳಿಯವನು. ನಮ್ಮ ಕಡೆಯವರ ಕೈ ಎಂಥದ್ದು ಅಂತ ಬೇರೆಯವರನ್ನೇ ಕೇಳಿ, ನಾನು ಹೇಳಿದರೆ ಜಂಬ ಅಂತೀರಿ. ವಿಮಾನದ ಹೊಟ್ಟೆಯ ಮೇಲೆ ಹಾಲೇಶ ಒಂದು ಸಲ ಅಂಗೈ ಸವರಿ, "ಇಲ್ಲೈತೆ ನೋಡಿ" ಅಂದರೆ ಮುಗೀತು. ಕಣ್ಣಿಗೆ ಕಾಣದಷ್ಟು ಸಣ್ಣ ತಗ್ಗು ಅಲ್ಲೇ ಇರುತ್ತಿತ್ತು. ಅಲ್ಯೂಮಿನಿಯಂ ತಗಡು ಕತ್ತರಿಸಿ, ರಿವೆಟ್ ಮೊಳೆ ಹೊಡೆದು ಕೂರಿಸಿದನೆಂದರೆ ಹಳೆ ತಗಡು ಯಾವುದು, ಹೊಸದು ಯಾವುದು ಅಂತ ಹೇಳುವುದಕ್ಕೆ ಆಗುತ್ತಿರಲಿಲ್ಲ. ಶೆಡ್ಡಿನ ದೊಡ್ಡ ಇಂಜಿನಿಯರ್ ಚಂದ್ರಮತಿ ಮೇಡಂ ಏನೇ ಆದರೂ ಮೊದಲು ಹೇಳುತ್ತಿದ್ದ ಮಾತು, "ಹಾಲೇಶನ್ನ ಕರೀರಿ."

ಆಮೇಲೆ ಬಂತು ಹೊಸ ವಿಮಾನ.

ಅದರ ಮೈ ತಗಡಿನದಲ್ಲ. ಕೂದಲಿಗಿಂತ ತೆಳ್ಳಗಿನ ಕಾರ್ಬನ್ ಎಳೆಗಳನ್ನು ಬಟ್ಟೆಯ ಹಾಗೆ ಹಾಸಿ, ಪದರದ ಮೇಲೆ ಪದರ ಅಂಟಿಸಿ, ಮನೆಯಷ್ಟು ದೊಡ್ಡ ಒಲೆಯಲ್ಲಿ ಬೇಯಿಸಿ ಮಾಡಿದ್ದು. ತಗಡಿಗಿಂತ ಹಗುರ. ತುಕ್ಕು ಹಿಡಿಯಲ್ಲ. ಗಟ್ಟಿ ಅಂದರೆ ಭಾರೀ ಗಟ್ಟಿ. ಆ ವಿಮಾನದ ಬೆನ್ನಿಗೇ ನಿಸಾರ್ ಬಂದ. ಈ ಹೊಸ ಮೈಯ ರಿಪೇರಿ ಕಲಿತು ಬಂದವನು. ಹಾಲೇಶನಿಗಿಂತ ಚಿಕ್ಕವನು, ಬಾಯಿ ಮಾತ್ರ ದೊಡ್ಡದು. ಕೈಯಲ್ಲಿ ಒಂದು ಪುಟ್ಟ ಸುತ್ತಿಗೆ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳು ಬಡಿದು ನೋಡುವುದಿಲ್ಲವೇ, ಹಾಗೆ ವಿಮಾನವನ್ನು ಟಕ್ ಟಕ್ ಅಂತ ತಟ್ಟಿ ಕಿವಿಗೊಡುತ್ತಿದ್ದ.

"ಹಾಲೇಶಣ್ಣ, ಇದು ನಿನ್ನ ಅಂಗೈಗೆ ಸಿಗೋ ಮಾಲಲ್ಲ," ಅಂದ ಎಲ್ಲರ ಮುಂದೆ. "ತಗಡಿಗೆ ಪೆಟ್ಟು ಬಿದ್ರೆ ತಗ್ಗಾಗುತ್ತೆ, ಕುರುಡನಿಗೂ ಗೊತ್ತಾಗುತ್ತೆ. ಇದು ಹಂಗಲ್ಲ. ಪೆಟ್ಟು ನುಂಗಿಬಿಡುತ್ತೆ. ಮೇಲೆ ನುಣ್ಣಗೆ, ಒಳಗೆ ಪದರ ಬಿಟ್ಕೊಂಡಿರುತ್ತೆ. ನಿನ್ನ ರಿವೆಟ್ ಗನ್ನು ಇನ್ನು ಷೋಕೇಸಲ್ಲಿ ಇಟ್ಟು ಹೂವು ಹಾಕು."

ಎಲ್ಲರೂ ನಕ್ಕರು. ಹಾಲೇಶನೂ ನಕ್ಕ. ಒಳಗೆ ಮಾತ್ರ ಹಸಿ ಮೆಣಸಿನಕಾಯಿ ಅರೆದ ಹಾಗಾಯಿತು.

ಆವತ್ತಿನಿಂದ ಅವನ ಹೊಟ್ಟೆ ತಣ್ಣಗಾಗಲಿಲ್ಲ. ಮೇಡಂ ಈಗ "ನಿಸಾರ್ ಎಲ್ಲಿ?" ಅನ್ನತೊಡಗಿದರು. ಹೊಸ ವಿಮಾನ ನೋಡುವುದಕ್ಕೆ ಬಂದವರು ನಿಸಾರನ ಫೋಟೋ ತೆಗೆದರು. ಕ್ಯಾಂಟೀನಿನ ಗಿರಿಜಕ್ಕ ಕೂಡ ಬಿಸಿ ಬೋಂಡವನ್ನು ಮೊದಲು ನಿಸಾರನ ತಟ್ಟೆಗೇ ಹಾಕಿದಳು! ಹಾಲೇಶ ಒಬ್ಬನೇ ಇದ್ದಾಗ ಗೊಣಗುತ್ತಿದ್ದ. "ಅಂಟು ಹಚ್ಚಿದ ಬಟ್ಟೆಗೆ ಇಷ್ಟೊಂದು ಮೆರೆದಾಟ. ನಮ್ಮಜ್ಜಿ ಪದರ ಪದರ ಹಾಕಿ ಕೌದಿ ಹೊಲೀತಿದ್ಲು, ಹಂಗಾರೆ ಅವಳನ್ನೂ ಇಂಜಿನಿಯರ್ ಅನ್ನಿ." ಆದರೆ ನಿಸಾರ್ ಎದುರಿಗೆ ಬಂದರೆ ಹೆಗಲ ಮೇಲೆ ಕೈ ಹಾಕಿ, "ಏನೋ ತಮ್ಮಾ, ಟೀ ಆಯ್ತಾ?" ಅನ್ನುತ್ತಿದ್ದ.

ಒಂದು ದಿನ ಬೆಳಿಗ್ಗೆ ನಿಸಾರ್ ಹೊಸ ವಿಮಾನದ ಹೊಟ್ಟೆಯನ್ನೆಲ್ಲ ತಟ್ಟಿ ನೋಡಿ, ಸರಿ ಇದೆ ಅಂತ ಸಹಿ ಹಾಕಿದ. ಸಂಜೆ ಅದು ತುಂಬಾ ಜನರನ್ನು ಹೊತ್ತು ಹಾರಬೇಕಿತ್ತು. ಮಧ್ಯಾಹ್ನ ಮೇಡಂ ಎಲ್ಲರನ್ನೂ ಸೇರಿಸಿ ಹೇಳಿದರು. "ಇನ್ನು ಮುಂದೆ ಇಲ್ಲಿಯ ಸೂಪರ್‌ವೈಸರ್ ನಿಸಾರ್."

ಆ ಜಾಗ ತನ್ನದೇ ಅಂತ ಹಾಲೇಶ ಎಷ್ಟೋ ಕಾಲದಿಂದ ಅಂದುಕೊಂಡಿದ್ದ. ಹೆಂಡತಿಗೂ ಹೇಳಿಬಿಟ್ಟಿದ್ದ. ಆಗ ಅವನು ಗುಂಪಿನ ಹಿಂದೆ, ಗಾಲಿ ಇರುವ ಕಬ್ಬಿಣದ ಏಣಿಯನ್ನು ವಿಮಾನದ ಹತ್ತಿರದಿಂದ ಸರಿಸುತ್ತಿದ್ದ. ಎಲ್ಲರೂ ಚಪ್ಪಾಳೆ ಹೊಡೆದರು. ಹಾಲೇಶನ ಮೈಯೆಲ್ಲ ಉರಿಯಿತು. ಏಣಿಯನ್ನು ಜೋರಾಗಿ ನೂಕಿಬಿಟ್ಟ, ಗಾಲಿ ಹೊರಳಿ ಅದು ವಿಮಾನದ ಕಡೆಗೇ ಹೋಯಿತು.

ಧಡ್!

ಏಣಿಯ ಮೂಲೆ ಲಗೇಜ್ ಬಾಗಿಲ ಪಕ್ಕಕ್ಕೆ ಹೊಡೆಯಿತು. ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ಹಾಲೇಶ ಬಗ್ಗಿ ನೋಡಿದ. ಏಣಿಯ ಹಳದಿ ಬಣ್ಣ ಒಂದಿಷ್ಟು ಮೆತ್ತಿತ್ತು. ಹೆಬ್ಬೆರಳಿಂದ ಉಜ್ಜಿದ, ಹೋಯಿತು. ಹೆಸರುವಾಸಿ ಅಂಗೈಯನ್ನು ಸವರಿದ. ನುಣ್ಣಗೆ. ಕೂದಲೆಳೆಯಷ್ಟೂ ತಗ್ಗಿಲ್ಲ. "ನನ್ನ ಅಂಗೈ ಸುಳ್ಳು ಹೇಳಲ್ಲ," ಅಂದುಕೊಂಡ.

ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ವಿಮಾನಕ್ಕೆ ಯಾರಿಂದ ಏನು ತಗುಲಿದರೂ ಆ ಕ್ಷಣವೇ ಹೇಳಬೇಕು. ಹೇಳಿದವನನ್ನು ಯಾರೂ ಕೆಲಸದಿಂದ ತೆಗೆಯುವುದಿಲ್ಲ, ಮುಚ್ಚಿಟ್ಟವನನ್ನು ಬಿಡುವುದಿಲ್ಲ. ಹಾಲೇಶನಿಗೆ ಇದು ಬಾಯಿಪಾಠ. ಆದರೆ ಹೇಳಿದರೆ ಬರುವವನು ಯಾರು? ನಿಸಾರ್! ಎಲ್ಲರ ಎದುರು ಟಕ್ ಟಕ್ ತಟ್ಟಿ, ಮತ್ತೊಮ್ಮೆ ಚಪ್ಪಾಳೆ ಹೊಡೆಸಿಕೊಳ್ಳುತ್ತಾನೆ. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ನಾಳೆ ಎಲ್ಲಾದರೂ ಏನಾದರೂ ಸಿಕ್ಕಿದರೆ, ಸಹಿ ನಿಸಾರನದು. ಆಗ ನೋಡೋಣ ಇವನ ಸೂಪರ್‌ವೈಸರ್‌ಗಿರಿ. ಆ ಯೋಚನೆ ಬಾಯಲ್ಲಿಟ್ಟ ಬೆಲ್ಲದ ಹಾಗೆ ಕರಗಿತು. ಒಳಗೆ ಕೂರುವ ಜನ? "ಗಟ್ಟಿ ಮೈ, ಗಟ್ಟಿ ಮೈ ಅಂತ ಅವನೇ ಬಡ್ಕೋತಾನಲ್ಲ, ಏನೂ ಆಗಲ್ಲ," ಅಂತ ತನಗೆ ತಾನೇ ಹೇಳಿಕೊಂಡ.

ವಿಮಾನವನ್ನು ಶೆಡ್ಡಿನಿಂದ ಹೊರಗೆ ಎಳೆದುಕೊಂಡು ಹೋದರು. ಹಾಲೇಶ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಮೇಡಂ ಪಕ್ಕಕ್ಕೆ ಬಂದು ನಿಂತರು.

"ಹಾಲೇಶ, ನಿನಗಿಂತ ಚಿಕ್ಕವನಿಗೆ ಆ ಜಾಗ ಕೊಟ್ಟೆ. ಮನಸ್ಸಿಗೆ ಬೇಜಾರಿಲ್ಲ ತಾನೆ?"

"ಛೇ ಛೇ, ಏನಿಲ್ಲ ಮೇಡಂ. ನಿಸಾರ್ ನನ್ನ ತಮ್ಮ ಇದ್ದಂಗೆ."

ಮೇಡಂ ಅವನ ಮುಖವನ್ನೇ ದಿಟ್ಟಿಸಿ ನೋಡಿದರು. "ಸರಿಯಪ್ಪ. ಆಗಿಂದ ನೋಡ್ತಾ ಇದ್ದೆ, ಮುಖದ ಮೇಲೆ ಏನೂ ಕಾಣಲಿಲ್ಲ. ಸಮಾಧಾನ ಆಯ್ತು," ಅಂದು ಹೊರಟರು.

ಹಾಲೇಶ ಅಲ್ಲೇ ನಿಂತ. ಮುಖದ ಮೇಲೆ ಏನೂ ಕಾಣಲಿಲ್ಲ. ಇಷ್ಟು ದಿನ ಒಳಗೆ ಕೊತಕೊತ ಕುದಿದಿದ್ದಾನೆ, ಸೂಜಿ ಬಿದ್ದರೂ ಗುರುತಿಸುವ ಮೇಡಮ್ಮಿಗೇ ಕಾಣಲಿಲ್ಲ. ಹಾಗಾದರೆ ಅವನ ಅಂಗೈಗೆ ಆ ವಿಮಾನದ ಹೊಟ್ಟೆಯಲ್ಲಿ ಏನು ಕಂಡೀತು? ಮೇಲೆ ನುಣ್ಣಗೆ, ಒಳಗೆ ಪದರ ಬಿಟ್ಟಿರುತ್ತೆ ಅಂತ ನಿಸಾರ್ ಅಂದದ್ದು ಅವನಿಗೆ ಈಗ ಅರ್ಥವಾಯಿತು. ಎದುರಿಗೆ ಪ್ರಯಾಣಿಕರ ಬಸ್ಸು ಬಂದು ನಿಂತಿತು. ಮಾವಿನ ಹಣ್ಣಿನ ಪೆಟ್ಟಿಗೆ ಹಿಡಿದ ಒಬ್ಬ ಮುದುಕ ಮೊದಲು ಇಳಿದ. ಹಿಂದೆ ನಿದ್ದೆಯ ಮಗುವನ್ನು ಹೆಗಲಿಗೆ ಹಾಕಿಕೊಂಡ ಹೆಂಗಸು.

"ಮೇಡಂ! ನಿಲ್ಸಿ! ಯಾರನ್ನೂ ಹತ್ತಿಸಬೇಡಿ!" ಹಾಲೇಶ ಓಡಿದ. "ಏಣಿ ತಗುಲಿಸಿದ್ದೀನಿ. ನಾನೇ."

ನಿಸಾರ್ ಸುತ್ತಿಗೆ ಹಿಡಿದು ಓಡಿ ಬಂದ. "ಯಾವಾಗ?"

"ನಿನಗೆ ಚಪ್ಪಾಳೆ ಹೊಡೀವಾಗ."

"ಆಗಲೇ ಯಾಕೆ ಹೇಳಲಿಲ್ಲ?"

ಶೆಡ್ಡಿನ ಮಂದಿಯೆಲ್ಲ ಸುತ್ತ ನಿಂತಿದ್ದರು. ಹಾಲೇಶ ತಲೆ ಎತ್ತಿಯೇ ಹೇಳಿದ. "ನಿನ್ನ ಕಂಡ್ರೆ ನಂಗೆ ಹೊಟ್ಟೆ ಉರಿ ಕಣೋ. ಅದಕ್ಕೆ."

ನಿಸಾರ್ ಈಗ ಏನು ಅಂದಾನೋ ಅಂತ ಎಲ್ಲರೂ ಅವನ ಬಾಯಿ ನೋಡಿದರು. ಹಾಲೇಶ ಬೆರಳು ತೋರಿಸಿದ ಕಡೆ ನಿಸಾರ್ ಬಗ್ಗಿ, ಲಗೇಜ್ ಬಾಗಿಲ ಪಕ್ಕ ತಟ್ಟತೊಡಗಿದ. ಟಕ್, ಟಕ್, ಟಕ್. ಡಬ್. ಮತ್ತೆ ತಟ್ಟಿದ. ಡಬ್. ಒಡಕು ಮಡಕೆಯ ಸದ್ದು. ನಿಸಾರನ ಮುಖ ಬಿಳುಚಿಕೊಂಡಿತು. ಆ ಜಾಗಕ್ಕೆ ಬೆಳಿಗ್ಗೆ ಸಹಿ ಹಾಕಿದವನು ಅವನೇ.

ಸುತ್ತಿಗೆಯನ್ನು ಹಾಲೇಶನ ಕಡೆ ಚಾಚಿದ. "ಎಲ್ಲಿತನಕ ಬಿಟ್ಕೊಂಡಿದೆ, ನೀನೇ ಕೇಳಿ ನೋಡಣ್ಣ. ಇದಕ್ಕೆ ನನ್ನೊಬ್ಬನ ಕಿವಿ ಸಾಲದು."

ಹಾಲೇಶ ತಟ್ಟುತ್ತಾ ಹೋದ. ಸದ್ದು ಬದಲಾದ ಕಡೆಯಲ್ಲೆಲ್ಲ ಗುರುತು ಹಾಕಿದ. ಊಟದ ತಟ್ಟೆಯಷ್ಟು ಅಗಲ ಬಂತು. ಆಮೇಲೆ ಒಳಗಿನ ಪದರ ತೋರಿಸುವ ಯಂತ್ರ ಇಟ್ಟು ನೋಡಿದಾಗ ಹೆಚ್ಚುಕಡಿಮೆ ಅಷ್ಟೇ ಇತ್ತು. ಒಳಗಿನ ಪದರಗಳು ಒಂದನ್ನೊಂದು ಬಿಟ್ಟಿದ್ದವು.

ಪ್ರಯಾಣಿಕರು ಬೇರೆ ವಿಮಾನಕ್ಕೆ ಕಾಯುತ್ತಾ ಬಾಯಿಗೆ ಬಂದ ಹಾಗೆ ಬೈದರು. ಮಾವಿನ ಹಣ್ಣಿನ ಮುದುಕನೇ ಎಲ್ಲರಿಗಿಂತ ಜೋರು. ಶೆಡ್ಡಿನವರು ಕೆಟ್ಟ ಪದರಗಳನ್ನು ಕೆತ್ತಿ ತೆಗೆದು, ಹೊಸ ಪದರ ಹಾಸಿ, ಬಿಸಿ ಕೊಟ್ಟು ಬೇಯಿಸಿದರು. ಆ ವಿಮಾನ ಈಗಲೂ ಸೊಗಸಾಗಿ ಹಾರುತ್ತಿದೆ. ಹೇಳಿದ್ದಕ್ಕೆ ಹಾಲೇಶನ ಕೆಲಸ ಉಳಿಯಿತು. ತಡ ಮಾಡಿ ಹೇಳಿದ್ದಕ್ಕೆ, ಶೆಡ್ಡಿನಲ್ಲಿರುವ ಅಷ್ಟೂ ಏಣಿಗಳ ಮೂಲೆಗೆ ರಬ್ಬರ್ ಕಟ್ಟುವ ಕೆಲಸ ಬಂತು.

ಮರುದಿನ ಕ್ಯಾಂಟೀನಿನಲ್ಲಿ ನಿಸಾರ್ ಬಂದು ಎದುರಿಗೆ ಕೂತ. "ಹಾಲೇಶಣ್ಣ, ಇನ್ಮೇಲೆ ಉರಿದ್ರೆ ಬಾಯಲ್ಲಿ ಬೈದುಬಿಡು. ಏಣಿ ತಳ್ಳಬೇಡ."

"ಬೈತೀನಿ. ಮೊದಲು ಆ ಬೋಂಡದ ತಟ್ಟೆ ಈ ಕಡೆ ತಳ್ಳು."

ಹಾಲೇಶನ ಹೊಟ್ಟೆಕಿಚ್ಚು ಹೋಯಿತೇ ಅಂತ ಕೇಳುತ್ತೀರಿ. ಎಲ್ಲಿ ಹೋಗುತ್ತೆ? "ನಿಸಾರನಿಗಿಂತ ನನ್ನ ಕಿವಿ ಒಂದು ಕೈ ಮೇಲು," ಅಂತ ಇವತ್ತಿಗೂ ಹೇಳಿಕೊಂಡು ತಿರುಗುತ್ತಾನೆ. ನಿಸಾರನ ಎದುರಿಗೇ ಹೇಳುತ್ತಾನೆ.

ನೀತಿ: ಹೊಟ್ಟೆಕಿಚ್ಚು ಯಾರಿಗೂ ತಪ್ಪಿದ್ದಲ್ಲ, ಆದರೆ ಅದನ್ನು ನುಂಗಿ ನಗುವವನು ಒಳಗೊಳಗೇ ಪದರ ಬಿಡುತ್ತಾನೆ, ಜೊತೆಗೆ ಏನೂ ಅರಿಯದವರನ್ನೂ ಬೀಳಿಸುತ್ತಾನೆ. ಬಿದ್ದ ಪೆಟ್ಟನ್ನು ಆಗಲೇ ಬಾಯಿಬಿಟ್ಟು ಹೇಳಿ. ಹೇಳಿದ ಪೆಟ್ಟಿಗೆ ರಿಪೇರಿ ಉಂಟು.